ಕಾಣೆ ಸಿಕ್ಕಿದ

ನೀವು ಇದನ್ನು ನಂಬಲೇಬೇಕು ಎಂದು ನಾನು ಹೇಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ. ಯಾರಾದರೂ ‘ಸ್ವರ ಕೇಳಿಸಿತು, ತಿರುಗಿ ನೋಡಿದರೆ ಯಾರೂ ಇಲ್ಲ’ ಎಂದು ಶುರು ಮಾಡಿದರೆ ಮುಂದಿನ ಮಾತು ಕೇಳುವ ಮೊದಲೇ ನನಗೆ ನಗು ಬಂದುಬಿಡುತ್ತಿತ್ತು. ಮೀನನ್ನು ಅಳೆದು ತೂಗಿ ಸಂಬಳ ಪಡೆಯುತ್ತಿದ್ದವನು ನಾನು. ಅಳತೆಗೆ ಸಿಗದದ್ದು ನನ್ನ ಪಾಲಿಗೆ ಇಲ್ಲವೇ ಇಲ್ಲ. ಅಂಥವನ ಮುಂದೆ, ಹಾಡುಹಗಲಲ್ಲಿ, ಮಂಗಳೂರಿನ ಅಳಿವೆಯಲ್ಲಿ ನಡೆದದ್ದು ಇದು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಸಮುದ್ರ ಸೇರುವಲ್ಲಿ ಕಾಣೆ ಮೀನು ಎಷ್ಟುಂಟು, ಅದು ಹೊಳೆಯಲ್ಲೇ ಉಳಿಯುತ್ತದೋ ಸಮುದ್ರಕ್ಕೆ ಹೋಗಿ ಮರಳುತ್ತದೋ ಎಂದು ತಿಳಿಯುವುದು ಮೀನುಗಾರಿಕೆ ಇಲಾಖೆಯವರಾದ ನಮ್ಮ ಕೆಲಸವಾಗಿತ್ತು. ಬಲೆ ಬೀಸಿ ಜೀವಂತ ಹಿಡಿಯಬೇಕು, ಬೆನ್ನಿಗೆ ಬೆಳ್ಳಿಯ ತೆಳು ತಂತಿಯಿಂದ ಒಂದು ಹಳದಿ ಬಿಲ್ಲೆ ಕಟ್ಟಬೇಕು, ನೀರಿಗೆ ಬಿಡಬೇಕು, ಆಮೇಲೆ ಅದೇ ಮೀನು ಮತ್ತೆ ಬಲೆಗೆ ಬೀಳುತ್ತದೆಯೇ ಎಂದು ಕಾಯಬೇಕು. ಕಾಯುವುದೇ ಹೆಚ್ಚು. ಮಳೆಗಾಲಕ್ಕೆ ಮೊದಲು ಬಿಟ್ಟ ರಾಶಿ ಮೀನುಗಳಲ್ಲಿ ಒಂದಾದರೂ ಹಿಂದಿರುಗಿರಲಿಲ್ಲ. ಬಂದರಿನವರು ನಮ್ಮನ್ನು ನೋಡಿ ನಗುತ್ತಿದ್ದರು. ನಗದೆ ಇನ್ನೇನು ಮಾಡಿಯಾರು?

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಇಬ್ರಾಹಿಂ ಕಾಕ; ಅವರ ಭಾಷೆಯಲ್ಲಿ ಕಾಕ ಎಂದರೆ ಅಣ್ಣ. ನಾವು ಹೋಗುತ್ತಿದ್ದ ದೋಣಿ ಅವರದು, ಚುಕ್ಕಾಣಿ ಹಿಡಿಯುತ್ತಿದ್ದವರೂ ಅವರೇ. “ಎಂತ ಮಾರಾಯ್ರೆ, ಕೈಗೆ ಸಿಕ್ಕಿದ ಕಾಣೆಗೆ ಚಿನ್ನಾಭರಣ ಹಾಕಿ ನೀರಿಗೆ ಬಿಡ್ತೀರಿ! ಮಸಾಲೆ ಹಾಕಿ ಕಾವಲಿಗೆ ಬಿಡಿ ಸಾರ್, ಎಲ್ಲಿಗೂ ಓಡುವುದಿಲ್ಲ” ಎನ್ನುತ್ತಿದ್ದರು. ನಾನು ಕುಂದಾಪುರದ ಕಡೆಯವನು, ತುಳು ಅರ್ಧಂಬರ್ಧ, ಬ್ಯಾರಿ ಭಾಷೆಯಂತೂ ಒಂದಕ್ಷರ ತಿಳಿಯದು. ಆದ್ದರಿಂದ ನನಗಾಗಿ ಮಾತ್ರ ಅವರು ಕನ್ನಡ ಮಾತಾಡುತ್ತಿದ್ದರು. ಆ ಕನ್ನಡದಲ್ಲಿ ಗಂಡು ಹೆಣ್ಣೆಂಬ ಭೇದ ಇರಲಿಲ್ಲ. ಹೆಂಡತಿಯೂ ‘ಬಂದ’, ದೋಣಿಯೂ ‘ಬಂದ’, ಮಳೆಯೂ ‘ಬಂದ’. ನಾನು ತಿದ್ದುತ್ತಿದ್ದೆ, ಅವರು ನಗುತ್ತಿದ್ದರು.

ಆ ನಗು ಒಂದು ದಿನ ನಿಂತಿತು. ಅವರ ತಮ್ಮ ಉಸ್ಮಾನ್ ಹೆಂಚು ತುಂಬಿದ ಮಂಜಿಯಲ್ಲಿ ಮುಂಬಯಿಯತ್ತ ಹೋಗಿದ್ದ. ಮಳೆಗಾಲ ಮುಗಿದ ಮೇಲೆ ಹೊರಟ ಮೊದಲ ಹಾಯಿಹಡಗುಗಳಲ್ಲಿ ಅದೂ ಒಂದು. ದಾರಿಯಲ್ಲಿ ಗಾಳಿಗೆ ಸಿಕ್ಕಿ ಮಂಜಿ ಒಡೆಯಿತು. ಜೊತೆಯವರು ಹೇಗೋ ಬದುಕಿ ಬಂದರು, ಉಸ್ಮಾನ್ ಬರಲಿಲ್ಲ. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಕಾಕ ಅದನ್ನು ನನ್ನಿಂದ ಓದಿಸಿದರು. ‘ಒಬ್ಬ ಕಾಣೆಯಾಗಿದ್ದಾನೆ’ ಎಂದು ಓದಿದೆ.

“ಕಾಣೆ ಎಂದರೆ ಮೀನಲ್ಲವಾ ಸಾರ್?”

ಕನ್ನಡದಲ್ಲಿ ಕಣ್ಮರೆಯಾದವರಿಗೂ ಹಾಗೆ ಹೇಳುತ್ತಾರೆ ಎಂದು ವಿವರಿಸಿದೆ. ಅವರು ಪತ್ರಿಕೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಹಾಗಾದರೆ ನಮ್ಮ ಉಸ್ಮಾನ್ ಸತ್ತಿಲ್ಲ. ಸತ್ತಿದ್ದರೆ ಸತ್ತ ಅಂತ ಬರೀತಿದ್ರು. ಕಾಣೆ ಅಂತ ಬರೆದಿದ್ದಾರೆ. ನಿಮ್ಮ ಕಾಣೆ ತಿರುಗಿ ಸಿಕ್ಕಿದ ದಿನ ನನ್ನ ಕಾಣೆಯೂ ಸಿಗ್ತಾನೆ, ನೋಡಿ ಬೇಕಾದ್ರೆ” ಎಂದರು. ಒಂದು ಶಬ್ದದ ಮೇಲೆ ಇಡೀ ಜೀವ ನೇತುಹಾಕಿಕೊಂಡವರನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ಬಲೆಯನ್ನೂ ನನಗಿಂತ ಮೊದಲು ಅವರೇ ಬಗ್ಗಿ ನೋಡತೊಡಗಿದರು.

ದಿನ ಕಳೆದಂತೆ ಮನೆಯ ಹಿರಿಯರು ಆಸೆ ಬಿಟ್ಟರು. ಶುಕ್ರವಾರದ ಜುಮಾ ನಮಾಝ್ ಆದ ಮೇಲೆ ಉಸ್ಮಾನನ ಹೆಸರಿನಲ್ಲಿ ಮಯ್ಯತ್ ನಮಾಝ್, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಮಾಡುವುದೆಂದು ನಿಶ್ಚಯವಾಯಿತು. ಅದಾದರೆ ಅವನು ಸತ್ತಂತೆ, ಅವನ ಎಳೆಯ ಹೆಂಡತಿ ವಿಧವೆಯಾದಂತೆ. ಆ ಬೆಳಿಗ್ಗೆ ಕಾಕ ಬರಲಾರರು ಎಂದುಕೊಂಡಿದ್ದೆ. ಆದರೆ ನಾನು ಬಿಜೈಯ ಮನೆಯಿಂದ ದೋಣಿ ಕಟ್ಟುವ ಧಕ್ಕೆ ತಲುಪುವಾಗ ಅವರು ದೋಣಿಯಲ್ಲಿ ಕೂತಾಗಿತ್ತು. “ಮನೆಯಲ್ಲಿದ್ದರೆ ಎಲ್ಲ ಬಂದು ಸಮಾಧಾನ ಹೇಳ್ತಾರೆ ಸಾರ್. ನನಗೆ ಸಮಾಧಾನ ಬೇಡ” ಎಂದರು.

ಬೆಂಗ್ರೆಯ ಮರಳದಿಣ್ಣೆಯ ಹತ್ತಿರ ದೋಣಿ ನಿಲ್ಲಿಸಿದೆವು. ಬಿಸಿಲು ಚೆನ್ನಾಗಿ ಏರಿತ್ತು. ಸುತ್ತ ಬೇರೆ ದೋಣಿ ಇರಲಿಲ್ಲ, ದಿಣ್ಣೆಯ ಮೇಲೆ ಮನುಷ್ಯರಿರಲಿಲ್ಲ. ಬಲೆ ಬೀಸುವ ಸೇಸಪ್ಪ ಮುಂದೆ, ಕಾಕ ಹಿಂದೆ, ನಾನು ನಡುವೆ ಮಂಡಿಯೂರಿ ಒಂದು ಮೀನಿಗೆ ಬಿಲ್ಲೆ ಕಟ್ಟುತ್ತಿದ್ದೆ. ಕಾಣೆ ಬಲು ನಾಜೂಕು ಜಾತಿ, ಎರಡೂ ಕೈಯಲ್ಲಿ ಹಿಡಿಯಬೇಕು. ಅದಕ್ಕೇ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ನನ್ನ ರೂಢಿ. ದಯವಿಟ್ಟು ಇದನ್ನು ಗಮನಿಸಿ: ಆಗಲೂ ನನ್ನ ಹಲ್ಲುಗಳ ನಡುವೆ ತಂತಿ ಇತ್ತು.

ಸೇಸಪ್ಪ ಬಲೆಯನ್ನು ನನ್ನ ಮಂಡಿಯ ಬಳಿ ಕೊಡವಿದ. ಬೆಳ್ಳಗೆ ಒದ್ದಾಡುವ ಮೀನುಗಳ ನಡುವೆ ಹಳದಿ ಕಂಡಿತು! ಅಂಚಿಗೆ ಪಾಚಿ ಹಿಡಿದ ಬಿಲ್ಲೆ, ನನ್ನದೇ ಗಂಟು! ಆ ಕ್ಷಣದ ಸಂಭ್ರಮವನ್ನು ಹೇಗೆ ಹೇಳಲಿ, ಕುಣಿಯಬೇಕು ಎನಿಸಿತು. ಬಾಯಿ ತೆರೆಯಲಾರದೆ ಗದ್ದ ಎತ್ತಿ ಕಾಕನಿಗೆ ತೋರಿಸಿದೆ. ಅವರು ನೋಡಿದರು. ತುಟಿ ಬಿಗಿದು, ಉಸಿರು ಹಿಡಿದು ಕೂತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

ಆಗ ಕೇಳಿಸಿತು. “ಕಾಣೆ ಸಿಕ್ಕಿದ!”

ಗಟ್ಟಿಯಾದ, ಸ್ಪಷ್ಟವಾದ ಕೂಗು. ಸಿಕ್ಕಿತು ಅಲ್ಲ, ಸಿಕ್ಕಿದ. ನನಗೆ ಅದು ಸಮುದ್ರದ ಕಡೆಯಿಂದ, ನನ್ನ ಬೆನ್ನ ಹಿಂದಿನಿಂದ ಬಂದಂತಿತ್ತು. ತಿರುಗಿದರೆ ಬರೀ ನೀರು. ತಂತಿ ಉಗಿದು “ಯಾರು ಕೂಗಿದ್ದು?” ಎಂದೆ. ಸೇಸಪ್ಪ ಪಿಳಿಪಿಳಿ ನೋಡಿದ. “ನೀವೇ ಅಲ್ವಾ ಸಾರ್!”

ಕಾಕ ಅಷ್ಟರಲ್ಲಿ ಎದ್ದು ನಿಂತಾಗಿತ್ತು. “ಸಾರ್ ಹೇಳಿದ್ರು, ಸಿಕ್ಕಿದ ಅಂತ! ದೋಣಿ ತಿರುಗಿಸು ಸೇಸಪ್ಪ, ಬೇಗ! ಜುಮಾ ಆಗುವುದರೊಳಗೆ ಮುಟ್ಟಬೇಕು!” ಆ ಬಿಸಿಲಲ್ಲಿ ಹುಟ್ಟು ಹಾಕಿದ ಹಾಗೆ ನಾನು ಜೀವಮಾನದಲ್ಲಿ ಹಾಕಿಲ್ಲ. ಬಂದರಿನಲ್ಲಿ ಇಳಿದವರೇ ಕಾಕ ನನ್ನ ಕೈ ಹಿಡಿದು ಮಸೀದಿಯ ಬಾಗಿಲಿಗೆ ಎಳೆದುಕೊಂಡು ಹೋದರು. ಒದ್ದೆ ಚಡ್ಡಿ, ಕೈಯಲ್ಲಿ ಬಿಲ್ಲೆ ಕಟ್ಟಿದ ಮೀನು, ಹೀಗೆ ನಾನು ಅಷ್ಟು ಜನರ ಮುಂದೆ ನಿಂತಿದ್ದೆ.

ಕಾಕನ ದೊಡ್ಡಪ್ಪ, ಬಿಳಿ ಗಡ್ಡದ ಹಿರಿಯರು, ನನ್ನನ್ನೇ ಕೇಳಿದರು. “ನೀವು ಎಂತ ಕಂಡದ್ದು?” ಇದ್ದದ್ದನ್ನು ಇದ್ದಂತೆ ಹೇಳಿದೆ. ಮೀನು ಸಿಕ್ಕಿತು, ಸ್ವರ ಕೇಳಿತು, ಕೂಗಿದ್ದು ನಾನಲ್ಲ. ಕಾಕ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ನಾನು ಅವರ ತಮ್ಮನನ್ನು ಮತ್ತೊಮ್ಮೆ ಮುಳುಗಿಸಿದೆನೋ ಎಂದು ಹೆದರಿದೆ. ಹಿರಿಯರು ಗಡ್ಡ ನೀವಿಕೊಂಡು ಯೋಚಿಸಿದರು. “ಒಂದು ಜುಮಾ ಕಾಯುವ. ಅವನು ಸತ್ತಿದ್ದರೆ ಅವನಿಗೆ ಅವಸರ ಇಲ್ಲ” ಎಂದರು.

ನಮ್ಮ ಅಧಿಕಾರಿಗಳು ಮೈಸೂರಿನವರು. ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು. “ಕೂಗಿದ್ದು ಆ ಕಾಕನೇ ಕಣ್ರೀ. ಆ ವ್ಯಾಕರಣ ಇನ್ಯಾರದ್ದು?” ನಾನೂ ಹಾಗೆಯೇ ನಂಬಿ ಸುಮ್ಮನಾಗುತ್ತಿದ್ದೆ. ಆದರೆ ಅವರ ಬಿಗಿದ ತುಟಿಯನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ.

ಮುಂದಿನ ಶುಕ್ರವಾರಕ್ಕೆ ಮೊದಲೇ ಉಸ್ಮಾನ್ ಮನೆಗೆ ಬಂದ. ಹೌದು, ಬಂದ! ಬಂದರಿನ ಗಲ್ಲಿಗಲ್ಲಿಯಲ್ಲಿ ಸಕ್ಕರೆ ಹಂಚಿದರು. ಎರಡು ದಿನ ಬಿಟ್ಟು ಕಾಕ ಅವನನ್ನು ಮೀನು ಅಳೆಯುವ ನಮ್ಮ ಶೆಡ್ಡಿಗೆ ಕರೆತಂದರು. ಕಡ್ಡಿಯಂತಾಗಿದ್ದ ಹುಡುಗ, ತುಟಿ ಒಡೆದು ಹೋಗಿತ್ತು. ನನಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದ. ಹಲಗೆ ಹಿಡಿದು ತೇಲಿ, ಬಡಗಣ ಸಮುದ್ರದಲ್ಲಿ ಹಕ್ಕಿಗಳು ಮಾತ್ರ ಇರುವ ಒಂದು ಬಂಡೆ ದ್ವೀಪಕ್ಕೆ ಬಿದ್ದಿದ್ದನಂತೆ. ಬಂಡೆಯ ಗುಳಿಯ ಮಳೆನೀರು, ಚಿಪ್ಪುಮೀನು, ಅಷ್ಟೇ ಆಹಾರ. ಕೊನೆಗೆ ಏಳುವ ಆಸೆಯೇ ಹೋಗಿ ಮಲಗಿಬಿಟ್ಟಿದ್ದ. ಆ ಶುಕ್ರವಾರ ಬಿಸಿಲೇರಿದ ಮೇಲೆ ಪಕ್ಕದಲ್ಲೇ ಯಾರೋ ‘ಕಾಣೆ ಸಿಕ್ಕಿದ’ ಎಂದು ಕೂಗಿದರು. ಹತ್ತಿರ ಮೀನುಗಾರರಿದ್ದಾರೆ ಎಂದುಕೊಂಡು ತೆವಳಿ ಮೇಲೆ ಹತ್ತಿದ. ಬಲು ದೂರದಲ್ಲಿ ಒಂದು ದೋಣಿ. ಮುಂಡು ಬಿಚ್ಚಿ ಬೀಸಿದ, ಅವರು ಬಂದರು. ಕೂಗಿದ್ದು ಅವರಲ್ಲವಂತೆ. “ಇಲ್ಲಿ ಕಾಣೆ ಎಲ್ಲಿಂದ ಮಾರಾಯ, ನಾವು ಬೂತಾಯಿ ಮೀನಿಗೆ ಬಂದದ್ದು” ಎಂದರಂತೆ.

“ಕೇಳಿದ್ರಾ! ಸಾರ್‌ನ ಸ್ವರ ಅಲ್ಲಿಯವರೆಗೆ ಮುಟ್ಟಿದ!” ಎಂದು ಕಾಕ ನನ್ನ ಭುಜ ಹಿಡಿದು ಅಲುಗಾಡಿಸಿದರು.

ಉಸ್ಮಾನ್ ತಲೆ ಅಲ್ಲಾಡಿಸಿದ. “ಇವರ ಸ್ವರ ಅಲ್ಲ ಕಾಕ. ನಿಮ್ಮದೇ ಸ್ವರ. ನನಗೆ ಗೊತ್ತಾಗುವುದಿಲ್ಲವಾ? ಆದರೆ ನೀವು ನನ್ನ ಹತ್ತಿರ ಕನ್ನಡ ಯಾಕೆ ಮಾತಾಡಿದ್ದು, ಅದೊಂದು ಅರ್ಥ ಆಗ್ಲಿಲ್ಲ.”

ಕಾಕ ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಗುತ್ತ ಅಳುತ್ತ ನಿಂತಿದ್ದರು.