ನಮ್ಮ ಮನೆಯಲ್ಲಾದ ಒಮ್ಮತ

ಅವಳ ಬಲಗಾಲಿನ ಬಿಳಿ ಶೂ ಹೊರಬದಿಗೆ ಸವೆದು ಓರೆಯಾಗಿತ್ತು. ವಾರ್ಡಿನಲ್ಲಿ ಓಡಿ ಓಡಿ ಹಾಗಾದದ್ದು. ಗಲ್ಫಿನ ಮಂಗಫ್‌ನ ನಮ್ಮ ಕಟ್ಟಡದಲ್ಲಿ ಕೆಳಗಿನ ಮಹಡಿಯವಳು. ನಮ್ಮದು ಬ್ಯಾರಿ ಮನೆ, ಅವರದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ. ನಾನು ಅವಳನ್ನು ನರ್ಸ್‌ಬಾಯಿ ಎನ್ನುತ್ತಿದ್ದೆ, ಅವಳೂ ನನ್ನ ಮಗನ ಹಾಗೆ ನನ್ನನ್ನು ಉಮ್ಮ ಎನ್ನುತ್ತಿದ್ದಳು. ಡ್ಯೂಟಿ ಮುಗಿಸಿ ಬಂದವಳು ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದಳು. ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ, ಆಮೇಲೆ ಬೈಯುತ್ತಿದ್ದಳು.

"ಪುನಃ ಒಣಮೀನು ತಿಂದಿದ್ದೀರಿ. ಸುಳ್ಳು ಹೇಳ್ಬೇಡಿ, ಮೆಷಿನ್ ಹೇಳ್ತದೆ."

"ಮೆಷಿನಿಗೆ ಮೀನಿನ ವಾಸನೆ ಬರ್ತದಾ ಮಾರಾಯ್ತಿ?"

"ಮೆಷಿನಿಗೆ ಇಲ್ಲ, ನಂಗೆ ಬರ್ತದೆ."

ಮಾತು ಒರಟು, ಕೈ ಮೆದು. ನನ್ನದು ಎರಡೂ ಒರಟು.

ಅವಳಿಗೆ ಇಲ್ಲಿರುವ ನಮ್ಮ ಕರಾವಳಿಯವರ ಸಂಘಕ್ಕೆ ಅಧ್ಯಕ್ಷೆಯಾಗಬೇಕಿತ್ತು. ಮನೆಕೆಲಸಕ್ಕೆ ಬಂದ ಊರಿನ ಹೆಂಗಸರು ಕಾಯಿಲೆ ಬಿದ್ದರೆ ವೀಸಾ ಕೊಟ್ಟು ಕರೆಸಿಕೊಂಡ ಕೆಲವು ಕಫೀಲರು ಅವರನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಹೋಗುವುದುಂಟು. ನೋವೆಲ್ಲಿ ಎಂದು ಅರಬ್ಬಿಯಲ್ಲಿ ಹೇಳಲು ಅವರಿಗೆ ಬಾರದು. "ಸಂಘದಿಂದ ಸರದಿಯಲ್ಲಿ ಒಬ್ಬೊಬ್ರು ಬಂದು ಹಾಸಿಗೆ ಹತ್ರ ಕೂತ್ರೆ ಸಾಕು ಉಮ್ಮ. ನಾನೊಬ್ಬಳು ಎಷ್ಟು ಮಂದಿಯ ಪರ ಮಾತಾಡ್ಲಿ?" ಎನ್ನುತ್ತಿದ್ದಳು. ಅಧ್ಯಕ್ಷರು ಹೇಳಿದರೆ ಜನ ಕೇಳುತ್ತಾರೆ.

ನಮ್ಮ ಸಂಘದಲ್ಲಿ ಓಟು ಇಲ್ಲ. ಅದೇ ನಮ್ಮ ದೊಡ್ಡಸ್ತಿಕೆ. ಹಳೆಯ ಅಧ್ಯಕ್ಷರು ನಾಲ್ಕೈದು ಜನ ಯಾರದಾದರೂ ಮನೆಯಲ್ಲಿ ಶುಕ್ರವಾರದ ಊಟಕ್ಕೆ ಸೇರಿ ಹೆಸರು ನಿಶ್ಚಯಿಸುತ್ತಾರೆ. ಬೇರೆ ಯಾರಿಗಾದರೂ ಆಸೆಯಿದ್ದರೆ ಅವರನ್ನೂ ಅದೇ ಊಟಕ್ಕೆ ಕರೆದು ಹಿಂದೆ ಸರಿಯಲು ಒಪ್ಪಿಸುತ್ತಾರೆ. ಉಂಡ ಮನೆಯಲ್ಲಿ ಎದುರು ಮಾತಾಡುವವರು ನಮ್ಮಲ್ಲಿ ಕಡಿಮೆ. ಆಮೇಲೆ ಖೈತಾನ್ ಬಡಾವಣೆಯ ಹಾಲ್‌ನಲ್ಲಿ ಮಹಾಸಭೆ, ಚಪ್ಪಾಳೆ. ಇದಕ್ಕೆ ಒಮ್ಮತ ಎಂದು ಹೆಸರು.

ಆ ವರ್ಷ ಊಟ ನಮ್ಮ ಮನೆಯಲ್ಲಿ. ಹಿರಿಯರ ಮನಸ್ಸಿನಲ್ಲಿದ್ದದ್ದು ನನ್ನ ಮಗ. ನರ್ಸ್‌ಬಾಯಿಯನ್ನು ಕರೆಯಲು ನನ್ನನ್ನೇ ಕಳಿಸಿದರು. ನಾನು ಕರೆದರೆ ಬರುತ್ತಾಳೆಂದು ಅವರಿಗೆ ಗೊತ್ತಿತ್ತು. ಬಂದಳು. ಬಿರಿಯಾನಿ ಬಡಿಸಿದೆ. ಎಲ್ಲರಿಗಿಂತ ಹಿರಿಯವರು ಶುರುಮಾಡಿದರು.

"ಸಿಸ್ಟರ್, ನೀವು ವೈಸ್ ಪ್ರೆಸಿಡೆಂಟ್ ಆಗಿ. ಅಧ್ಯಕ್ಷರು ಅಂದ್ರೆ ಎಂಬೆಸಿ, ಓಡಾಟ... ನಿಮ್ಗೆ ಡ್ಯೂಟಿ ಉಂಟಲ್ಲ."

"ಓಡಾಟ ನಂಗೆ ಹೊಸತಾ ಭಾಯಿ? ಈ ಸಲ ಮಹಾಸಭೆಯಲ್ಲೇ ಕೇಳುವ. ಜನ ಕೈ ಎತ್ತಲಿ."

ಬಾಯಿಗೆ ಹೋಗುತ್ತಿದ್ದ ಕೈಗಳು ನಿಂತವು. ಹಾಗೆ ಯಾರೂ ಹೇಳಿದ್ದಿಲ್ಲ. ಹಿರಿಯವರು ನನ್ನ ಕಡೆ ತಿರುಗಿದರು. "ಉಮ್ಮ, ನೀವೇ ಹೇಳಿ."

"ಇವಳು ಅಧ್ಯಕ್ಷೆಯಾದ್ರೆ ನನ್ನ ಬಿಪಿ ಯಾರು ನೋಡುದು? ನಿಮ್ಮ ಅಪ್ಪನಾ?" ಎಂದೆ.

ಎಲ್ಲರೂ ನಕ್ಕರು. "ಖಲಾಸ್! ಉಮ್ಮನ ತೀರ್ಪು ಬಂತು!" ಎಂದರು ಹಿರಿಯವರು. ನರ್ಸ್‌ಬಾಯಿಯೂ ನಕ್ಕಳು. ನಗು ಮುಗಿದ ಮೇಲೆ ನನ್ನ ಮುಖ ನೋಡಿದಳು, ಮುಂದೆ ಏನಾದರೂ ಹೇಳುತ್ತೇನೋ ಎಂದು. ನಾನು ಮಗನ ತಟ್ಟೆಗೆ ಇನ್ನೊಂದು ತುಂಡು ಹಾಕಿದೆ.

"ಆಯ್ತು ಉಮ್ಮ," ಎಂದು ಕೈ ತೊಳೆಯಲು ಎದ್ದಳು.

ತಮಾಷೆಗೆ ಹೇಳಿದ್ದೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ತಮಾಷೆಯಲ್ಲ. ಮಗನಿಗೆ ಕುರ್ಚಿ ಬೇಕಿತ್ತು, ನನಗೆ ಇವಳು ಬೇಕಿತ್ತು.

ಮರುದಿನವೂ ಬಂದು ಬಿಪಿ ನೋಡಿದಳು. ಬೈಯಲಿಲ್ಲ. ಆಮೇಲೆ ಒಂದು ದಿನವೂ ಬೈಯಲಿಲ್ಲ. ನಾನು ಬೇಕೆಂದೇ ಒಣಮೀನು ಹುರಿದು ಇಟ್ಟರೂ ಇಲ್ಲ.

ಮಗ ಅಧ್ಯಕ್ಷನಾಗಿದ್ದ ಕಾಲದಲ್ಲಿ ಕ್ರಿಕೆಟ್, ಅಡುಗೆ ಸ್ಪರ್ಧೆ ಚೆನ್ನಾಗಿ ನಡೆದವು. ಆಸ್ಪತ್ರೆಯ ಸರದಿಯ ಮಾತು ಮುಂದಿನ ಮೀಟಿಂಗಿಗೆ, ಅದರ ಮುಂದಿನದಕ್ಕೆ ಹೋಯಿತು. ಅವಳು ಒಬ್ಬಳೇ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದಳು. ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋದಳು. ವರ್ಷ ತುಂಬುವ ಮೊದಲೇ ತೀರಿಕೊಂಡಳು.

ಸುದ್ದಿ ಬಂದ ವಾರ ಹಿರಿಯರು ಪುನಃ ನಮ್ಮ ಮನೆಯಲ್ಲಿ ಸೇರಿದರು. ಸತ್ತವಳನ್ನು ಸಂಘದ ಗೌರವಾಧ್ಯಕ್ಷೆ ಮಾಡುವುದೆಂದು ತೀರ್ಮಾನಿಸಿದರು.

"ಯಾರದ್ದೂ ವಿರೋಧ ಇಲ್ಲ ಅಲ್ವಾ?" ಎಂದರು ಎಲ್ಲರಿಗಿಂತ ಹಿರಿಯವರು.

"ಅವಳು ಕೈ ಎತ್ತಿಸಿ ಕೇಳಿ ಅಂದಿದ್ದಳು. ಆಗ ಯಾಕೆ ಕೇಳ್ಲಿಲ್ಲ?" ಎಂದೆ.

ಮಗ ನೆಲ ನೋಡುತ್ತ, "ಉಮ್ಮ, ಎಲ್ಲರಿಗೂ ಚಹಾ," ಎಂದ.

ಒಳಗೆ ಹೋಗಿ ಮಾಡಿಕೊಂಡು ಬಂದು ಕೊಟ್ಟೆ.