ಬಚ್ಚ ‘ಬತ್ತೆ’ ಅಂದದ್ದಕ್ಕೆ ಸಿಕ್ಕ ಕೆಲಸ

ಶಾರ್ಜಾದಲ್ಲಿ ಕೆಲಸ ಸಿಕ್ಕಿದ್ದು ಯಾರ ದಯೆಯಿಂದ ಎಂದು ಕೇಳಿದರೆ ಗುಲ್ವಾಡಿಯ ಬಚ್ಚ ಮೊದಲು ಕೊಲ್ಲೂರಮ್ಮನ ಹೆಸರು ಹೇಳುತ್ತಾನೆ, ಆಮೇಲೆ ಭಾವಮೈದ ಸುಧೀರನದು. ತನ್ನ ಬಾಯಿಯ ಉಪಕಾರವನ್ನು ಮಾತ್ರ ನೆನೆಯುವುದಿಲ್ಲ. ಅಷ್ಟು ನಾಚಿಕೆ ಪಾಪ ಅವನಿಗೆ.

ತಲ್ಲೂರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಬಚ್ಚ ಮೂವತ್ತೆರಡು ವರ್ಷ ದುಡಿದವನು. ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ. ಐಸ್ ಹೊರುವ ಕೆಲಸಕ್ಕೆ ಸೇರಿದವನು ಯಂತ್ರದ ಮಗ್ಗುಲಲ್ಲೇ ನಿಂತು ನಿಂತು ಮೆಕ್ಯಾನಿಕ್ ಆದ. ನೀರು ಹೆಪ್ಪುಗಟ್ಟಿಸುವ ಅಮೋನಿಯಾ ಗ್ಯಾಸು ಒಂದಿಷ್ಟು ಸೋರಿದರೂ ಉಳಿದವರಿಗಿಂತ ಮೊದಲು ಅವನ ಮೂಗಿಗೆ ಗೊತ್ತಾಗುತ್ತಿತ್ತು. ಮಾಲೀಕರಿಗೆ ವಯಸ್ಸಾಯಿತು, ಜಾಗ ಮಾರಿದರು. ಅಲ್ಲೀಗ ಮದುವೆ ಹಾಲ್ ಎದ್ದಿದೆ. ನಲವತ್ತಾರನೇ ವಯಸ್ಸಿನಲ್ಲಿ ಬಚ್ಚ ಮನೆಯಲ್ಲಿ ಕುಳಿತ. ಹೆಂಡತಿ ಸುಗುಣ ತಲ್ಲೂರು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಮಗಳು ಅಕ್ಷಯಾ ನರ್ಸಿಂಗ್ ಎರಡನೇ ವರ್ಷ. ಮನೆ ನಡೆಯುತ್ತಿತ್ತು, ನಿಜ. ಆದರೆ ಸುಮ್ಮನೆ ಕುಳಿತು ಉಣ್ಣುವುದಕ್ಕೆ ಬಚ್ಚನಿಗೆ ಬರುತ್ತಿರಲಿಲ್ಲ.

ಸುಗುಣಳ ತಮ್ಮ ಸುಧೀರ್ ಶಾರ್ಜಾದಲ್ಲಿ ಡ್ರೈವರ್. ಎರಡು ತಿಂಗಳ ವಿಸಿಟ್ ವೀಸಾ ಮಾಡಿಸಿ ಭಾವನನ್ನು ಕರೆಸಿಕೊಂಡ. ಅಷ್ಟರೊಳಗೆ ಕೆಲಸ ಸಿಗಬೇಕು, ಇಲ್ಲವಾದರೆ ಬಂದ ದಾರಿ ಹಿಡಿಯಬೇಕು. ಬಚ್ಚ ಎಂಟು ಆಫೀಸು ಹತ್ತಿಳಿದ. ಎಲ್ಲ ಕಡೆ ಒಂದೇ ಪ್ರಶ್ನೆ: ಸರ್ಟಿಫಿಕೇಟ್ ಎಲ್ಲಿ? ‘ಇಲ್ಲ ಸರ್’ ಎಂದೊಡನೆ ಮೇಜಿನ ಆಚೆ ಕುಳಿತವರ ಕಣ್ಣು ಬಾಗಿಲಿನ ಕಡೆ ಹೋಗುತ್ತಿತ್ತು. ಒಂದು ಯಂತ್ರವನ್ನಾದರೂ ತೋರಿಸಿ ‘ಇದನ್ನು ನೋಡು’ ಎಂದವರಿಲ್ಲ.

ಒಂಬತ್ತನೆಯದು ಒಂದು ಕೋಲ್ಡ್ ಸ್ಟೋರೇಜ್. ಊರಿಗೆ ಮರಳಲು ಐದೇ ದಿನ ಉಳಿದಿತ್ತು. ಈಜಿಪ್ಟಿನ ಮ್ಯಾನೇಜರ್ ಹೆಚ್ಚು ಮಾತಿನವರಲ್ಲ. ಅವರೂ ‘ಸರ್ಟಿಫಿಕೇಟ್?’ ಎಂದರು. ಈ ಸಲ ‘ಇಲ್ಲ’ ಎನ್ನಲು ಬಚ್ಚನಿಗೆ ಬಾಯೇ ಬರಲಿಲ್ಲ. ಎದ್ದುನಿಂತ. ಹೊರಡುವಾಗ ಹೇಳಿ ಹೊರಡಬೇಕಲ್ಲ? ಕೈಮುಗಿದು, ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ: ‘ಐ ಆಮ್ ಕಮಿಂಗ್ ಸರ್.’ ಬಸ್ಸು ಹತ್ತಿ ರೂಮಿಗೆ ಬಂದು ಬಟ್ಟೆ ಮಡಚಿ ಬ್ಯಾಗಿಗೆ ತುಂಬತೊಡಗಿದ.

ಮಾರನೆಯ ಬೆಳಿಗ್ಗೆ ಸುಧೀರನಿಗೆ ಕೋಲ್ಡ್ ಸ್ಟೋರೇಜಿನಿಂದ ಫೋನು ಬಂತು. ಮಾತಾಡಿ ಇಟ್ಟವನ ಮುಖ ಕೆಂಪಾಗಿತ್ತು.

‘ಭಾವ, ನಿನ್ನೆ ಇಂಟರ್‌ವ್ಯೂ ಮಧ್ಯ ಎದ್ಕಂಡ್ ಬಂದ್ರ್ಯಾ? ಸರ್ಟಿಫಿಕೇಟ್ ತರುಕೆ ಹೋಯ್ರ್ ಅಂತ ಆ ಸಾಹೇಬ್ರ್ ಊಟ ಬಿಟ್ಟ್ ಕಾದ್ರಂಬ್ರ್!’

‘ನಾ ಬತ್ತೆ ಅಂದದ್ದಪ್ಪ!’

‘ಬತ್ತೆ ಅಂದ್ರೆ ಬರ್ಕ್ ಅಲ್ದಾ?’

‘ಮತ್ತೆಂತ ಹೇಳುದ್ ಮಾರಾಯಾ? ಹೊರಡ್ವತ್ತಿಗೆ ಹೋತೆ ಅಂತ ಹೇಳುಕಾತ್ತಾ?’

ಸುಧೀರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಹೋದರೆ ಹೋಗಲಿ, ಒಬ್ಬರನ್ನು ಊಟ ಬಿಡಿಸಿ ಕಾಯಿಸಿದ ಪಾಪ ಬೇಡ ಎಂದು ಬಚ್ಚ ಕ್ಷಮೆ ಕೇಳಲು ಹೊರಟ.

ಮ್ಯಾನೇಜರ್ ಗರಂ ಆಗಿಯೇ ಇದ್ದರು. ಬಚ್ಚ ತನ್ನ ಹಿಂದಿಯಲ್ಲಿ ಎಲ್ಲ ಹೇಳಿದ. ಸರ್ಟಿಫಿಕೇಟ್ ಇಲ್ಲವೇ ಇಲ್ಲ. ನಮ್ಮ ಕಡೆ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದು ಅಶುಭ, ಮರಳಿ ಬಾರದವರ ಮಾತು ಅದು. ಅಲ್ಲೇ ಇದ್ದ ಕೇರಳದ ಗುಮಾಸ್ತ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ತಾನೇ ನಗಲು ಶುರುಮಾಡಿದ, ಮಲಯಾಳದಲ್ಲೂ ಹಾಗೇ ಹೇಳುತ್ತೇವೆ ಎಂದು ಸೇರಿಸಿದ. ಮ್ಯಾನೇಜರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ‘ನೀನು ಬರುತ್ತೇನೆ ಅಂದಿದ್ದೆ, ಬಂದೆ. ನಡೆ, ಯಂತ್ರವಾದರೂ ನೋಡು’ ಎಂದು ಎದ್ದರು.

ಬಚ್ಚನಿಗೆ ಜೀವ ಬಂದದ್ದೇ ಯಂತ್ರದ ಕೋಣೆಯ ಸದ್ದು ಕೇಳಿದ ಮೇಲೆ. ಎರಡನೇ ಕಂಪ್ರೆಸರಿನ ಮುಂದೆ ನಿಂತ. ಉದ್ದದ ಸ್ಕ್ರೂಡ್ರೈವರ್ ಕೇಳಿ ಪಡೆದು, ತುದಿಯನ್ನು ಯಂತ್ರಕ್ಕಿಟ್ಟು ಹಿಡಿಯನ್ನು ಕಿವಿಗೆ ಒತ್ತಿದ. ‘ಒಳಗೆ ಬೇರಿಂಗ್ ಹೋಗಿದೆ. ಇನ್ನು ಹತ್ತು ದಿನ ತಡೆದರೆ ಹೆಚ್ಚು’ ಎಂದ. ಅಲ್ಲಿನ ಮೆಕ್ಯಾನಿಕ್‌ಗಳು ಮುಖ ಮುಖ ನೋಡಿಕೊಂಡರು. ಮಧ್ಯಾಹ್ನ ಬಿಚ್ಚಿ ನೋಡಿದರೆ ಬೇರಿಂಗ್ ಬಿರುಕು ಬಿಟ್ಟಿತ್ತು.

ಮ್ಯಾನೇಜರ್ ಅಲ್ಲೇ ನಿಂತು ಅರ್ಜಿ ತುಂಬಿಸಿದರು. ಸರ್ಟಿಫಿಕೇಟ್ ಎಂಬ ಜಾಗ ಬಂದಾಗ ಗುಮಾಸ್ತನ ಪೆನ್ನು ನಿಂತಿತು. ಅವರು ಪೆನ್ನು ಕಸಿದುಕೊಂಡು ತಾವೇ ಒಂದು ಸಾಲು ಬರೆದು ಸಹಿ ಹಾಕಿದರು. ಏನು ಬರೆದರು ಎಂದು ಬಚ್ಚ ಮೆಲ್ಲಗೆ ಕೇಳಿದ. ಗುಮಾಸ್ತ ಓದಿ ಹೇಳಿದ: ‘ಇವನ ಕೈಗೆಲಸವನ್ನು ನಾನು ಕಣ್ಣಾರೆ ಕಂಡಿದ್ದೇನೆ.’

ಬಚ್ಚ ಮ್ಯಾನೇಜರಿಗೆ ಕೈಮುಗಿದ. ಹೊರಗೆ ಬಂದು ಗೋಡೆಗೆ ಒರಗಿ ಸುಗುಣಳಿಗೆ ಫೋನು ಮಾಡಿದ. ಆಚೆಯಿಂದ ತಲ್ಲೂರು ಪೇಟೆಯ ಗದ್ದಲ, ಯಾರೋ ಬಂಗುಡೆ ಚೌಕಾಸಿ ಮಾಡುತ್ತಿದ್ದರು. ಕೆಲಸ ಸಿಕ್ಕಿದ್ದನ್ನು ಹೇಳಿದ, ಆ ಸಾಲನ್ನೂ ಹೇಳಿದ.

‘ಹ್ವಾಯ್, ಕೇಂತಾ?’ ಎಂದ ಬಚ್ಚ, ಗದ್ದಲದಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಎಂದು.

‘ಕೇಂಡಿತ್’ ಎಂದಳು ಸುಗುಣ, ಮೂಗೊರೆಸಿಕೊಂಡು. ‘ಅವ್ರ್ ಇವತ್ತ್ ಕಂಡದ್ದ್. ನಾ ಇಪ್ಪತ್ ವರ್ಷದಿಂದ ಕಾಣ್ತಾ ಇದ್ದೆ. ಆ ಎಂಟ್ ಆಫೀಸಿನವ್ರ್ ನನ್ ಹತ್ರ ಕೇಂಡಿದ್ರೆ ನಾನೇ ಬರ್ದ್ ಕೊಡ್ತಿದ್ದೆ.’