ಎಡ ಚಕ್ರದೊಳಗಿನ ಮಣಿಗಳು

ಬಸ್ಸು ನಡುಗುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಅಣ್ಣನ ಕೈ ನಡುಗುತ್ತದೆ ಎಂದು ಫೋರ್‌ಮನ್ ಹೇಳುತ್ತಿದ್ದ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಅಣ್ಣ ಹೊಸಪೇಟೆಯ ಒಬ್ಬ ಗುತ್ತಿಗೆದಾರರ ಬಸ್ ಓಡಿಸುತ್ತಾನೆ. ಬೆಳಗಿನ ಪಾಳಿಯವರನ್ನು ದೋಣಿಮಲೈ ಗಣಿಗೆ ಬಿಟ್ಟು ಖಾಲಿ ಬಸ್ಸಿನಲ್ಲಿ ಮರಳುವುದು, ಮಧ್ಯಾಹ್ನ ಮತ್ತೆ ಹೋಗಿ ಅವರನ್ನು ಕರೆತರುವುದು ಅವನ ಕೆಲಸ. ವಯಸ್ಸು ಐವತ್ತೈದು ದಾಟಿದೆ. ನಾನು ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಪತ್ರಿಕೆಯ ವರದಿಗಾರ್ತಿ. ಅದೇ ಮನೆಯ ಮಹಡಿಯಲ್ಲಿ ಇರುತ್ತೇನೆ.

ಗುತ್ತಿಗೆದಾರರ ಗಾಡಿಗಳನ್ನು ನೋಡಿಕೊಳ್ಳುವ ಫೋರ್‌ಮನ್ ಬಸ್ಸನ್ನು ಯಾರ್ಡಿನೊಳಗೇ ಎರಡು ಸುತ್ತು ಓಡಿಸಿ ನೋಡಿದ್ದ. ಅಲ್ಲಿ ವೇಗ ಇಪ್ಪತ್ತು ದಾಟುವುದಿಲ್ಲ. ಇಳಿದು ಬಂದವನು ಉಳಿದ ಡ್ರೈವರ್‌ಗಳಿಗೂ ಕೇಳುವಂತೆ, "ಗಾಡಿ ಬೆಣ್ಣಿ ಇದ್ದಂಗ ಐತಿ. ನಿಮಗ ವಯಸ್ಸಾತು. ಗೇಟಿನ್ಯಾಗ ಕುಂದ್ರಿ, ಬರೋ ಹೋಗೋ ಗಾಡಿ ನಂಬರ್ ಬರೀರಿ. ನೆಳ್ಳೂ ಐತಿ," ಅಂದ. ಮುಂದಿನ ಸೋಮವಾರದಿಂದ ಆ ಬಸ್ಸಿಗೆ ಬೇರೆ ಡ್ರೈವರ್ ಎಂದೂ ಹೇಳಿದ.

ಅಣ್ಣ ನನ್ನನ್ನು ಕೇಳಿದ್ದು ಒಂದೇ. "ಊರ ಮಂದೀದೆಲ್ಲಾ ಬರೀತಿ. ಒಂದಿನ ನನ್ನ ಗಾಡ್ಯಾಗ ಕುಂತು ಕಂಡದ್ದು ಕಂಡಂಗ ಬರಿ. ಅವನ ಟೇಬಲ್ ಮ್ಯಾಲೆ ಒಗೀತೀನಿ."

ಬುಧವಾರ ಸಂಡೂರಿನಲ್ಲಿ ನನಗೆ ಕೆಲಸವಿತ್ತು. ಮುಗಿಸಿಕೊಂಡು, ಖಾಲಿ ಮರಳುತ್ತಿದ್ದ ಬಸ್ಸು ಹತ್ತಿ ಡ್ರೈವರ್ ಸೀಟಿನ ಹಿಂದೆ ಕುಳಿತೆ. ಅದಿರಿನ ಲಾರಿಗಳ ಹಿಂದೆ ನಲವತ್ತರಲ್ಲಿ ಹೋಗುವಾಗ ಏನೂ ಇರಲಿಲ್ಲ. ಹೆದ್ದಾರಿಗೆ ಬಂದ ಮೇಲೆ, ಐವತ್ತೈದಕ್ಕೆ ಶುರುವಾಯಿತು. ಅರವತ್ತರಿಂದ ಎಪ್ಪತ್ತರವರೆಗೆ ಸ್ಟೇರಿಂಗ್ ಕಣ್ಣಿಗೆ ಕಾಣುವಷ್ಟು ಅದುರಿತು. ಕಿಟಕಿಯ ಗಾಜುಗಳು ಹಲ್ಲು ಕಡಿದಂತೆ ಸದ್ದು ಮಾಡಿದವು. ವೇಗವನ್ನೂ ಜಾಗವನ್ನೂ ಬರೆದುಕೊಂಡೆ.

ಪಾಪಿನಾಯಕನಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ಅಣ್ಣ ಗ್ಲಾಸು ತೆಗೆದುಕೊಂಡ. ಅವನ ಬಲಗೈ ನಡುಗಿತು. ಚಹಾ ಅಂಗಿಯ ತೋಳಿನ ಮೇಲೆ ಚೆಲ್ಲಿತು. ಬಸ್ಸು ನಿಂತು ಐದು ನಿಮಿಷ ಆಗಿತ್ತು. ಅವನು ಅಂಗಡಿಯವನ ಜತೆ ಮಾತಿಗೆ ತಿರುಗಿದಾಗ ಅದನ್ನೂ ಬರೆದೆ.

"ಎಲ್ಲಾ ಬರದಿ ಹೌದಲ್ಲ?" ಅಂತ ಬಸ್ ಹತ್ತುವಾಗ ಕೇಳಿದ.

"ಎಲ್ಲಾ ಬರದೀನಿ," ಅಂದೆ. ಹೊಸಪೇಟೆಯಲ್ಲಿ ಇಳಿಯುವಾಗ ಹಾಳೆ ಹರಿದು ಅವನ ಕೈಗೆ ಕೊಟ್ಟೆ.

ಅವನು ಮೇಲಿನ ನಾಲ್ಕು ಸಾಲು ಓದಿ ಜೇಬಿಗಿಟ್ಟುಕೊಂಡ, ಹೋಗಿ ಫೋರ್‌ಮನ್‌ನ ಟೇಬಲ್ ಮೇಲೆ ಒಗೆದ. ಫೋರ್‌ಮನ್ ಚಹಾ ಚೆಲ್ಲಿದ ಕೊನೆಯ ಸಾಲಿನವರೆಗೂ ಓದಿದ. ಮನಸ್ಸಿನಲ್ಲೇ ಓದಿದ್ದರೆ ಆಗುತ್ತಿತ್ತು. ಅವನು ಡ್ರೈವರ್‌ಗಳನ್ನು ಕರೆದು ಗಟ್ಟಿಯಾಗಿ ಓದಿದ. "ನಾ ಅಂದಿದ್ದಲ್ಲ. ಸ್ವಂತ ತಂಗಿ ಬರದಾಳ. ಪೇಪರ್‌ನವರು ಸುಳ್ಳು ಬರೀತಾರೇನ್ರೀ?"

ಅಣ್ಣ ಆ ಸಂಜೆ ಮಹಡಿಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಒಂದು ಸಾಲು ಬಿಟ್ಟಿದ್ರ ನಿನ್ನ ಪೇಪರ್ ಮುಳುಗ್ತಿತ್ತೇನು?"

"ಕಂಡದ್ದು ಕಂಡಂಗ ಬರಿ ಅಂದಿದ್ದಿ."

"ನನ್ನ ಗಾಡಿ ನೋಡಾಕ ಕರದಿದ್ದೆ. ನನ್ನ ನೋಡು ಅಂತ ಯಾರು ಅಂದಿದ್ರು ನಿನಗ?"

ಕೆಳಗೆ ಅತ್ತಿಗೆ ಪಾತ್ರೆಗಳನ್ನು ಎತ್ತಿ ಇಡುವ ಸದ್ದು ಬೇಕೆಂದೇ ಜೋರಾಗಿತ್ತು.

ಭಾನುವಾರ ಬಸ್ಸಿಗೆ ರಜೆ. ಬಸ್ಸು ಅದುರುವುದು ಎಡಗಡೆಯ ಮುಂದಿನ ಚಕ್ರದಿಂದ ಎಂದು ಅಣ್ಣ ಮೊದಲಿನಿಂದಲೂ ಹೇಳುತ್ತಿದ್ದ. ತೂಕ ಸರಿದೂಗಲೆಂದು ಅದರ ರಿಮ್ಮಿನ ಅಂಚಿಗೆ ಊರಿನ ಟೈರ್ ಅಂಗಡಿಯವರು ಸೀಸದ ತುಂಡುಗಳನ್ನು ಎರಡು ಸಲ ಬಡಿದು ಕೂರಿಸಿದ್ದರು. ಗುಂಡಿ ರಸ್ತೆಯಲ್ಲಿ ಎರಡು ಸಲವೂ ಉದುರಿದ್ದವು. ಅಣ್ಣ ಆ ಚಕ್ರ ಬಿಚ್ಚಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಕಂಪ್ಲಿಗೆ ಹೊರಟ. ಅಲ್ಲಿ ಭತ್ತದ ಲಾರಿಗಳ ಟೈರ್ ಕೆಲಸ ಮಾಡುವ ಒಬ್ಬರಿದ್ದಾರೆ. ಕರೆಯದಿದ್ದರೂ ನಾನು ಹತ್ತಿ ಚಕ್ರದ ಪಕ್ಕ ಕುಳಿತೆ. ದಾರಿಯುದ್ದಕ್ಕೂ ಅವನು ನನ್ನ ಕಡೆ ತಿರುಗಲಿಲ್ಲ.

ಟೈರಿನವರು ರಿಮ್ಮಿನಿಂದ ಟೈರಿನ ಒಂದು ಬದಿ ಎಬ್ಬಿಸಿದರು. ಒಳಗೆಲ್ಲ ಒಣ ಬಟ್ಟೆಯಿಂದ ಎರಡು ಸಲ ಒರೆಸಿದರು. ಟೈರಿಗೆ ಗಾಳಿ ತುಂಬುವ ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸಿ ಅದರಲ್ಲಿ ಕೂಡಿದ್ದ ನೀರು ಹೊರಗೆ ಬಿಟ್ಟರು. "ಹಸಿ ಇದ್ರ ಮಣಿ ಮುದ್ದಿ ಆಗಿ ಒಂದ ಕಡಿ ಹಿಡಕೊಂತಾವು," ಅಂದರು. ಆಮೇಲೆ ಸಾಸಿವೆಗಿಂತ ಸಣ್ಣ, ಬಿಳಿ ಗಾಜಿನ ಮಣಿಗಳನ್ನು ಅಳತೆ ಮಾಡಿ ಒಳಗೆ ಸುರಿದರು.

"ಇದು ಮಕ್ಕಳ ಆಟ ಆತಲ್ರೀ," ಅಂದ ಅಣ್ಣ.

"ಚಕ್ರ ಜೋರು ತಿರುಗ್ಲಿ. ಎಲ್ಲಿ ಹಗುರ ಐತೋ ಅಲ್ಲಿ ಹೋಗಿ ಕುಂದರ್ತಾವು. ನೀವು ಹೇಳೋದು ಬ್ಯಾಡ." ಅವರು ಗಾಳಿಯ ಪಿನ್ನಿಗೆ ಸಣ್ಣ ಜರಡಿ ಕೂರಿಸಿ, ಮಣಿ ಹೊರಬರದಂತೆ ಮಾಡಿದರು. ಆಮೇಲೆ ಅಣ್ಣನ ಕೈ ನೋಡಿ ಕೇಳಿದರು. "ಬಸ್ ಇಳದ ಮ್ಯಾಲೂ ಕೈ ಜುಮು ಜುಮು ಅಂತಾವೇನು?"

ಅಣ್ಣ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

"ಅನ್ನಾಕ ಬೇಕು. ಇಂಥಾ ಸ್ಟೇರಿಂಗ್ ಹಿಡಕೊಂಡು ಬಂದವರದು ಎಲ್ಲಾರದೂ ಅಂತಾವು. ನನ್ನ ಗಿರಾಕಿಗಳು ಚಾ ಕುಡಿಯೂಮುಂದ ಗ್ಲಾಸು ಎರಡೂ ಕೈಲೆ ಹಿಡೀತಾರ."

ಆಗ ಅಣ್ಣ ಆ ದಿನದಲ್ಲಿ ಮೊದಲ ಸಲ ನನ್ನ ಕಡೆ ನೋಡಿದ. ಇಷ್ಟು ವರ್ಷ ವರದಿ ಮಾಡಿದವಳು ಒಂದು ಪ್ರಶ್ನೆ ಕೇಳಬಹುದಿತ್ತು. ಚಹಾ ಅಂಗಡಿಯಲ್ಲಿ ಅವನು ನನ್ನಿಂದ ಎರಡು ಮಾರು ದೂರವೂ ಇರಲಿಲ್ಲ. ಕೈ ನಡುಗಿತು ಎಂದು ಬರೆದೆ, ಯಾಕೆ ಎಂದು ಕೇಳಲಿಲ್ಲ. ಟೈರಿನವರ ಮಾತು ಕೇಳಿದ ಮೇಲೂ, ಅವನ ಕೈ ನಡುಗಿದ್ದು ಬಸ್ಸಿನಿಂದಲೇ ಎಂಬ ಖಾತ್ರಿ ನನಗಿರಲಿಲ್ಲ. ಅದು ನನ್ನ ಮುಖದಲ್ಲಿ ಕಂಡಿರಬೇಕು.

ಸೋಮವಾರ ಬೇರೆ ಡ್ರೈವರ್‌ಗೆ ಬಸ್ಸು ಕೊಡುವ ಮೊದಲು ಕೊನೆಯದೊಂದು ಟ್ರಿಪ್ಪು ನೋಡಿ ಎಂದು ಅಣ್ಣ ಯಾರ್ಡಿನಲ್ಲಿ ಕೂಗಾಡಿದನಂತೆ. ಅಣ್ಣ ಓಡಿಸಿದ, ಫೋರ್‌ಮನ್ ತಾನೇ ಜತೆಗೆ ಬಂದ. ಮರಳುವಾಗ ನಾನೂ ಸಂಡೂರಿನಲ್ಲಿ ಹತ್ತಿದೆ. ಬಸ್ಸು ಹೊರಡುವಾಗ ಎಡ ಚಕ್ರದೊಳಗಿಂದ ಮೊರದಲ್ಲಿ ರಾಗಿ ಸರಿದಂಥ ಸದ್ದು ಬಂತು. ವೇಗ ಏರಿದಂತೆ ಆ ಸದ್ದು ನಿಂತಿತು. ಹೆದ್ದಾರಿಯಲ್ಲಿ ಅರವತ್ತು, ಅರವತ್ತೈದು, ಎಪ್ಪತ್ತು. ಸ್ಟೇರಿಂಗ್ ಕದಲಲಿಲ್ಲ. ಫೋರ್‌ಮನ್ ಕಿಟಕಿಯ ಗಾಜಿಗೆ ಅಂಗೈ ಒತ್ತಿ ನೋಡಿದ, ತೆಗೆದ.

ಪಾಪಿನಾಯಕನಹಳ್ಳಿಯಲ್ಲಿ ಅಣ್ಣ ಗ್ಲಾಸಿನ ಅಂಚಿನವರೆಗೂ ಚಹಾ ಹಾಕಿಸಿಕೊಂಡ. ನೇರ ನನ್ನ ಮುಂದೆ ಬಂದು ಬಲಗೈ ಚಾಚಿ ಹಿಡಿದ.

"ಬರ್ಕೊ."

ಒಂದು ಹನಿಯೂ ಚೆಲ್ಲಲಿಲ್ಲ. ಬರೆದುಕೊಂಡೆ. ಬರೆದು ಮುಗಿಯುವವರೆಗೂ ಅವನು ಕೈ ಇಳಿಸಲಿಲ್ಲ.

"ಆತು ಬಿಡ್ರಿ, ಟೈರ್ ಇತ್ತು," ಅಂದ ಫೋರ್‌ಮನ್, ಬಿಸ್ಕತ್ತು ಅದ್ದುತ್ತ.

"ಟೈರ್ ಅಂತ ಮೊದಲ ದಿನ ಅಂದಿದ್ದೆ," ಅಂದ ಅಣ್ಣ, ನನ್ನನ್ನೇ ನೋಡುತ್ತ.

ಬಸ್ಸು ಅವನಿಗೇ ಉಳಿಯಿತು. ಆ ಎರಡನೇ ಹಾಳೆಯನ್ನು ಕೊಡಲು ಹೋದೆ. "ನೀನ ಇಟ್ಕೊ. ನನ್ನ ಮಾತು ಸಾಲ್ಲಿಲ್ಲ, ಎರಡನೇ ಸಲಾನೂ ನೋಡೇ ಬರೀಬೇಕಾತಲ್ಲ ನಿನಗ," ಅಂದ.

ಈಗಲೂ ಒಂದೇ ಮನೆಯಲ್ಲಿದ್ದೇವೆ. ಅತ್ತಿಗೆ ಊರಿಗೆ ಹೋದ ದಿನ ನಾನೇ ಚಹಾ ಮಾಡಿ ಕೊಡುತ್ತೇನೆ. ಅಣ್ಣ ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. "ಅಲ್ಲೇ ಇಡು," ಅನ್ನುತ್ತಾನೆ. ಕಟ್ಟೆಯ ಮೇಲೆ ಇಟ್ಟು ಮೆಟ್ಟಿಲು ಹತ್ತುತ್ತೇನೆ. ನಾನು ಬಾಗಿಲು ಹಾಕಿದ ಮೇಲೆಯೇ ಕೆಳಗೆ ಅವನು ಗ್ಲಾಸು ಎತ್ತಿದ ಸದ್ದು ಬರುತ್ತದೆ.